ಅಸಿಡಿಟಿ ಮಾತ್ರೆ, ಊರಿನ ಊಟ ಮತ್ತು ಕರುಳಿನ ಬ್ಯಾಕ್ಟೀರಿಯಾ

ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಸಂಶೋಧನೆ ಮಾಡುವವರು ಮೂರು ಪ್ರಶ್ನೆ ಕೇಳದೆ ಬಿಡುವುದಿಲ್ಲ. ನಿಮ್ಮ ಮೂಲ ಯಾವುದು? ನೀವು ಹೆಣ್ಣೋ ಗಂಡೋ? ಏನೇನು ಮಾತ್ರೆ ತಗೊಳ್ತೀರಿ? ಮೊದಲ ಎರಡು ಪ್ರಶ್ನೆ ಸಹಜ ಅನಿಸುತ್ತದೆ. ಮೂರನೆಯದು, ಅದರಲ್ಲೂ ಅಸಿಡಿಟಿ ಮಾತ್ರೆಯ ಪ್ರಶ್ನೆ, ಕೇಳಿಸಿಕೊಂಡವರಿಗೆ ಅಚ್ಚರಿ. "ಅದೇನು ಔಷಧಿನಾ? ಸುಮ್ನೆ ಗ್ಯಾಸಿಗೆ ತಗೊಳ್ಳೋದು" ಅನ್ನುತ್ತಾರೆ.

ಮುಂಬೈ ಪಕ್ಕದ ಡೊಂಬಿವಲಿಯ ಒಂದು ಮೆಡಿಕಲ್‌ನಲ್ಲಿ ನಾನು ಫಾರ್ಮಸಿಸ್ಟ್. ನನ್ನ ಕೌಂಟರಿನಲ್ಲಿ ಅತಿ ಹೆಚ್ಚು ಕೈ ಬದಲಾಯಿಸುವ ಮಾತ್ರೆಗಳಲ್ಲಿ ಇದೂ ಒಂದು. ವಿಜಯಪುರ ಕಡೆಯ ಒಬ್ಬ ಅಜ್ಜಿ ಖಾಲಿ ಸ್ಟ್ರಿಪ್ ಹಿಡಿದುಕೊಂಡು ಬರುತ್ತಾರೆ. "ಇದೇ ಕೊಡವ್ವಾ, ಎದಿ ಉರೀತೈತಿ. ಮುಂಜಾನೆ ಇದನ್ನ ತಗೊಳ್ಳದಿದ್ರ ಚಾನೂ ಇಳಿಯೂದಿಲ್ಲ" ಅನ್ನುತ್ತಾರೆ. ಎಷ್ಟು ದಿನದಿಂದ ಅಂದರೆ, ಮಗನ ಮದುವೆಗಿಂತ ಮುಂಚಿನಿಂದ. ಆ ಮಗನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಯಾವ ಡಾಕ್ಟರು ಬರೆದದ್ದು ಅಂದರೆ ನೆನಪಿಲ್ಲ. ಇಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಲೆಕ್ಕ. ನಮ್ಮ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಇಸ್ರೇಲಿನ ವಿಜ್ಞಾನಿಗಳು 2016ರಲ್ಲಿ ಹಾಕಿದ ಲೆಕ್ಕ ಇದು. ಒಟ್ಟು ತೂಕ ಸುಮಾರು 200 ಗ್ರಾಂ. ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ನಾವು ಅರಗಿಸಿಕೊಳ್ಳಲಾಗದ ನಾರನ್ನು ಇವು ಒಡೆಯುತ್ತವೆ. ಹಾಗೆ ಒಡೆದಾಗ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನ ಆಮ್ಲಗಳು ಹುಟ್ಟುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ. ರೋಗನಿರೋಧಕ ಶಕ್ತಿಯನ್ನು ಪಳಗಿಸುವುದು, ಕೆಲವು ವಿಟಮಿನ್ ತಯಾರಿಸುವುದು, ಕೆಟ್ಟ ಬ್ಯಾಕ್ಟೀರಿಯಾ ಬಂದು ಕೂರದಂತೆ ಜಾಗ ತುಂಬಿಕೊಂಡಿರುವುದು ಕೂಡ ಇವುಗಳ ಕೆಲಸವೇ. ಬಗೆ ಬಗೆಯ ಬ್ಯಾಕ್ಟೀರಿಯಾ ಇದ್ದಷ್ಟೂ ಸಾಮಾನ್ಯವಾಗಿ ಒಳ್ಳೆಯದು.

ಈಗ ಮೊದಲ ಪ್ರಶ್ನೆಗೆ ಬರೋಣ. ಜನಾಂಗ ಬೇರೆಯಾದರೆ ಕರುಳಿನ ಬ್ಯಾಕ್ಟೀರಿಯಾನೂ ಬೇರೆಯಾಗುತ್ತದೆಯೇ? ಆಗುತ್ತದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದೇ ನಗರದಲ್ಲಿ ಬದುಕುವ ಆರು ಮೂಲದ 2084 ಜನರಿದ್ದರು. ಡಚ್ಚರು, ಘಾನಾದವರು, ಮೊರಾಕ್ಕೋದವರು, ತುರ್ಕಿಯವರು, ಸುರಿನಾಮ್‌ನಿಂದ ಬಂದ ಆಫ್ರಿಕಾ ಮೂಲದವರು, ಸುರಿನಾಮ್‌ನಿಂದ ಬಂದ ದಕ್ಷಿಣ ಏಷ್ಯಾ ಮೂಲದವರು. ಈ ಕೊನೆಯ ಗುಂಪಿನವರು ನಮಗೆ ಹೊರಗಿನವರಲ್ಲ. 1873ರಿಂದ ಬ್ರಿಟಿಷ್ ಭಾರತದಿಂದ ಹಡಗು ಹತ್ತಿಸಿ ಕರಾರು ಕೂಲಿಗೆ ಒಯ್ದವರ ಮೊಮ್ಮಕ್ಕಳು, ಮರಿಮಕ್ಕಳು ಅವರು. ಊರು ಒಂದೇ, ನೀರು ಒಂದೇ, ಆದರೂ ಒಂದೇ ಮೂಲದವರ ಬ್ಯಾಕ್ಟೀರಿಯಾ ಒಂದಕ್ಕೊಂದು ಹತ್ತಿರವಾಗಿತ್ತು. ಊಟ, ತೂಕ, ಸಿಗರೇಟು ಇತ್ಯಾದಿಗಳ ಲೆಕ್ಕ ತೆಗೆದ ಮೇಲೂ ವ್ಯತ್ಯಾಸ ಪೂರ್ತಿ ಅಳಿಸಿಹೋಗಲಿಲ್ಲ.

ಇಷ್ಟು ಓದಿ ಇದು ರಕ್ತದಲ್ಲೇ ಬಂದದ್ದು ಅಂತ ತೀರ್ಮಾನಿಸಿಬಿಡುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಅದೇ 2018ರಲ್ಲಿ ಇಸ್ರೇಲಿನ 1046 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ ಬಂತು. ಅವರ ಪೂರ್ವಜರು ಬೇರೆ ಬೇರೆ ದೇಶಗಳಿಂದ ಬಂದವರು. ಅಲ್ಲಿ ವಂಶಕ್ಕೂ ಬ್ಯಾಕ್ಟೀರಿಯಾಕ್ಕೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ಒಂದೇ ಮನೆಯಲ್ಲಿ ಇರುವವರು, ರಕ್ತಸಂಬಂಧ ಇಲ್ಲದಿದ್ದರೂ, ಒಬ್ಬರಿಗೊಬ್ಬರು ಹೋಲುತ್ತಿದ್ದರು. ಅಂದರೆ ಗಂಡ ಹೆಂಡತಿಯ ಕರುಳು ಒಂದೇ ಅಡುಗೆಮನೆಯ ಕಥೆ ಹೇಳುತ್ತದೆ. ಜೀನ್‌ಗಳ ಪಾಲು ಇದೆ, ಆದರೆ ಸಣ್ಣದು.

ಹಾಗಾದರೆ ಮೂಲ ಅನ್ನುವುದರೊಳಗೆ ಏನೇನು ಅಡಗಿದೆ? ಚಿಕ್ಕಂದಿನಿಂದ ಉಂಡದ್ದು, ಹೆರಿಗೆ ಹೇಗಾಯಿತು ಅನ್ನುವುದು, ತಾಯಿಯ ಹಾಲು, ಮನೆಯಲ್ಲಿ ಎಷ್ಟು ಜನ, ಕುಡಿದ ನೀರು, ನುಂಗಿದ ಆಂಟಿಬಯಾಟಿಕ್. ಜನಾಂಗ ಅನ್ನುವ ಒಂದು ಪದದ ಹಿಂದೆ ಇಷ್ಟೆಲ್ಲ ಇದೆ. ಇದನ್ನು ನನಗೆ ಮನದಟ್ಟು ಮಾಡಿದ್ದು ಆಗ್ನೇಯ ಏಷ್ಯಾದ ಹ್ಮಾಂಗ್ ಮತ್ತು ಕರೆನ್ ಸಮುದಾಯದ ಮಹಿಳೆಯರ ಅಧ್ಯಯನ. ಥಾಯ್ಲೆಂಡಿನಲ್ಲಿ ಇದ್ದವರು, ಅಲ್ಲಿಂದ ಅಮೆರಿಕದ ಮಿನ್ನೆಸೋಟಕ್ಕೆ ಹೋದವರು, ಅಲ್ಲೇ ಹುಟ್ಟಿದ ಮಕ್ಕಳು, ಹೀಗೆ 500ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರು. ಹೋದ ಕೆಲವೇ ತಿಂಗಳಲ್ಲಿ ಬದಲಾವಣೆ ಶುರು. ನಾರು ಒಡೆಯುವ ಪ್ರಿವೊಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇಳಿಯಿತು, ಬ್ಯಾಕ್ಟಿರಾಯ್ಡೀಸ್ ಅನ್ನುವ ಇನ್ನೊಂದು ಬಗೆ ಏರಿತು. ಬಗೆಗಳೂ ಕಡಿಮೆಯಾದವು. ಅಲ್ಲೇ ಹುಟ್ಟಿದವರಲ್ಲಿ ಇನ್ನೂ ಕಡಿಮೆ. ಕಳೆದುಹೋದ ಶಕ್ತಿ ಯಾವುದು ಗೊತ್ತಾ? ಹುಣಸೆ, ತೆಂಗು, ತಾಳೆಯಂಥ ಗಿಡಮರಗಳ ನಾರನ್ನು ಒಡೆಯುವ ಕಿಣ್ವಗಳು. ಸಾರಿಗೆ ಹುಣಸೆ, ಪಲ್ಯಕ್ಕೆ ತೆಂಗು ಹಾಕಿಯೇ ಬೆಳೆದ ನಮಗೆ ಈ ಸಾಲು ದೂರದ ಸುದ್ದಿಯಂತೆ ಕೇಳುವುದಿಲ್ಲ, ಅಲ್ವಾ?

ನಮ್ಮ ದೇಶದ ಕೆಲಸವೂ ಇದೆ, ಅದೂ ಪಕ್ಕದ ಪುಣೆಯಲ್ಲೇ. ಅಲ್ಲಿನ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಸಂಶೋಧಕರು 2016ರಲ್ಲಿ ಭಾರತೀಯರ ಕರುಳನ್ನು ಬೇರೆ ದೇಶದವರ ಜೊತೆ ಹೋಲಿಸಿದರು. ನಮ್ಮಲ್ಲಿ ಪ್ರಿವೊಟೆಲ್ಲಾ ಮತ್ತು ಮೆಗಾಸ್ಫೇರಾ ಎರಡೂ ಎದ್ದು ಕಾಣುವಷ್ಟು ಜಾಸ್ತಿ. ಇದಕ್ಕೆ ಎರಡು ವರ್ಷ ಮುಂಚೆ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರೂ ಈ ಕೇಂದ್ರದವರೂ ಸೇರಿ ಆರೋಗ್ಯವಂತರ ಮಲದಿಂದ ಹೊಸದೊಂದು ಬ್ಯಾಕ್ಟೀರಿಯಾ ಬೇರ್ಪಡಿಸಿ ಮೆಗಾಸ್ಫೇರಾ ಇಂಡಿಕಾ ಅಂತ ಹೆಸರಿಟ್ಟಿದ್ದರು. 2019ರಲ್ಲಿ ಭೋಪಾಲ್ ಮತ್ತು ಕೇರಳದ ಒಟ್ಟು 110 ಜನರ ಅಧ್ಯಯನ ಬಂತು. ಗಿಡಮೂಲದ ಊಟವೇ ಹೆಚ್ಚಾಗಿದ್ದ ಭೋಪಾಲಿನವರಲ್ಲಿ ಪ್ರಿವೊಟೆಲ್ಲಾ ಜಾಸ್ತಿ. ಮೀನು ಮಾಂಸವೂ ತಿನ್ನುವ ಕೇರಳದವರಲ್ಲಿ ಬ್ಯಾಕ್ಟಿರಾಯ್ಡೀಸ್ ಮತ್ತು ಇತರ ಬಗೆಗಳು ಹೆಚ್ಚು. ಹಾಗಾಗಿ ಭಾರತೀಯ ಕರುಳು ಅಂತ ಒಂದೇ ಮುದ್ರೆ ಒತ್ತುವಂತಿಲ್ಲ.

ಮುಂಬೈ ಕನ್ನಡಿಗರನ್ನೇ ನೋಡಿ. ಉಡುಪಿ, ಕುಂದಾಪುರದಿಂದ ಹೋಟೆಲ್ ಕೆಲಸಕ್ಕೆ ಬಂದವರು ಕುಚ್ಚಲಕ್ಕಿ ಗಂಜಿ, ಮೀನು ಸಾರು ಉಂಡು ಬೆಳೆದವರು. ವಿಜಯಪುರ, ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಊಟ ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಹಿಂಡಿ. ಮಾಟುಂಗದ ಹಳೆಯ ಕುಟುಂಬಗಳಲ್ಲಿ ಹುಳಿ, ತಂಬುಳಿ, ಮಜ್ಜಿಗೆ. ಅರ್ಜಿಯಲ್ಲಿ ಎಲ್ಲರೂ ಕನ್ನಡಿಗರು, ಕರುಳಿನಲ್ಲಿ ಬೇರೆ ಬೇರೆ. ಇನ್ನು ಇಲ್ಲಿ ಹುಟ್ಟಿದ ಮಕ್ಕಳು ಬೆಳಗ್ಗೆ ಬ್ರೆಡ್ಡು ಬಟರ್ ತಿಂದು ಸಿಎಸ್‌ಟಿ ಫಾಸ್ಟ್ ಲೋಕಲ್ ರೈಲು ಹಿಡಿಯುತ್ತಾರೆ. ಮಧ್ಯಾಹ್ನ ವಡಾಪಾವ್, ಸಂಜೆ ಚಹಾ ಜೊತೆ ಖಾರಿ ಬಿಸ್ಕೆಟ್, ರಾತ್ರಿ ಹತ್ತೂವರೆಗೆ ಊಟ. ಮೈದಾ ಹೆಚ್ಚು, ನಾರು ಕಮ್ಮಿ. ಅಜ್ಜಿಯ ಬ್ಯಾಕ್ಟೀರಿಯಾ ಮೊಮ್ಮಗನಿಗೆ ಸಿಕ್ಕಿದ್ದರೂ ಅವುಗಳಿಗೆ ಉಣ್ಣಲು ಅಲ್ಲಿ ಏನೂ ಇಲ್ಲ.

ಹೆಣ್ಣು ಗಂಡಿನ ವ್ಯತ್ಯಾಸ ಇದಕ್ಕಿಂತ ಸೂಕ್ಷ್ಮ. ನೆದರ್ಲೆಂಡ್ಸ್‌ನ ಉತ್ತರ ಭಾಗದ 1135 ಜನರ ಅಧ್ಯಯನ 2016ರಲ್ಲಿ ಬಂತು. ಹೆಂಗಸರಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಗಂಡಸರಿಗಿಂತ ಹೆಚ್ಚಿದ್ದವು. 2019ರ ಇನ್ನೊಂದು ಅಧ್ಯಯನ ಅಮೆರಿಕ, ಬ್ರಿಟನ್, ಕೊಲಂಬಿಯಾಗಳ ಮಾಹಿತಿ ನೋಡಿ, ಈ ಅಂತರ ಯೌವನದಲ್ಲಿ ಇದ್ದು ನಡುವಯಸ್ಸಿನ ಹೊತ್ತಿಗೆ ಮುಚ್ಚಿಹೋಗುತ್ತದೆ ಅಂತ ತೋರಿಸಿತು. ಅಂದರೆ ಹಾರ್ಮೋನಿನ ಕೈವಾಡ ಇದೆ. ಈ ನಂಟು ಎರಡೂ ಕಡೆಯಿಂದ ನಡೆಯುತ್ತದೆ. ಹೆಣ್ಣಿನ ಹಾರ್ಮೋನ್ ಈಸ್ಟ್ರೊಜೆನ್ ಕೆಲಸ ಮುಗಿಸಿದ ಮೇಲೆ ಲಿವರ್ ಅದನ್ನು ಕಟ್ಟಿ ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಅಲ್ಲಿ ಕೆಲವು ಬ್ಯಾಕ್ಟೀರಿಯಾ ಆ ಕಟ್ಟು ಬಿಚ್ಚುತ್ತವೆ. ಬಿಡಿಸಿಕೊಂಡ ಈಸ್ಟ್ರೊಜೆನ್ ಮತ್ತೆ ರಕ್ತ ಸೇರುತ್ತದೆ. ಇಲಿಗಳಲ್ಲಂತೂ 2013ರಲ್ಲಿ ಇನ್ನೂ ದೊಡ್ಡ ಸಂಗತಿ ಕಂಡಿತು. ಗಂಡು ಇಲಿಯ ಕರುಳಿನ ಬ್ಯಾಕ್ಟೀರಿಯಾವನ್ನು ಹೆಣ್ಣು ಮರಿಗಳಿಗೆ ಕೊಟ್ಟಾಗ ಅವುಗಳಲ್ಲಿ ಗಂಡು ಹಾರ್ಮೋನ್ ಟೆಸ್ಟೊಸ್ಟಿರಾನ್ ಏರಿತು, ಟೈಪ್ 1 ಮಧುಮೇಹದಿಂದ ರಕ್ಷಣೆಯೂ ಸಿಕ್ಕಿತು.

ಹಾರ್ಮೋನ್ ಬಿಟ್ಟು ಇನ್ನೊಂದು ಸರಳ ಕಾರಣವೂ ಇದೆ. ಹೆಂಗಸರಲ್ಲಿ ಆಹಾರ ಕರುಳಿನಲ್ಲಿ ಸಾಗುವುದು ಸ್ವಲ್ಪ ನಿಧಾನ, ಮಲಬದ್ಧತೆಯೂ ಹೆಚ್ಚು. ಮಲ ಗಟ್ಟಿಯೋ ಮೆತ್ತಗೋ ಅನ್ನುವುದೇ ಬ್ಯಾಕ್ಟೀರಿಯಾದ ವ್ಯತ್ಯಾಸವನ್ನು ಬಹಳ ಚೆನ್ನಾಗಿ ವಿವರಿಸುತ್ತದೆ ಅಂತ ಬೆಲ್ಜಿಯಂನ ಒಂದು ದೊಡ್ಡ ಅಧ್ಯಯನ 2016ರಲ್ಲಿ ಹೇಳಿದೆ. ವಿರಾರ್ ಲೋಕಲ್‌ನಲ್ಲಿ ಎರಡು ತಾಸು ನಿಂತು ಹೋಗುವ ಹೆಣ್ಣುಮಕ್ಕಳು ಬೇಕಂತಲೇ ನೀರು ಕಮ್ಮಿ ಕುಡಿಯುತ್ತಾರೆ, ಯಾಕೆಂದರೆ ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ. ಅದು ಹಾರ್ಮೋನ್ ಅಲ್ಲ, ಊರಿನ ಕೊರತೆ. ಆದರೆ ಅದರ ಹೊರೆ ಬೀಳುವುದು ಹೆಣ್ಣಿನ ಕರುಳಿನ ಮೇಲೆ.

ಈಗ ಮಾತ್ರೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಈಸೊಮೆಪ್ರಜೋಲ್. ಹೆಸರಿನ ಕೊನೆಯಲ್ಲಿ ಪ್ರಜೋಲ್ ಅಂತ ಇರುವ ಈ ಅಸಿಡಿಟಿ ಮಾತ್ರೆಗಳೆಲ್ಲ ಒಂದೇ ಕುಟುಂಬ. ಇವುಗಳಲ್ಲಿ ಮೊದಲನೆಯದಾದ ಒಮೆಪ್ರಜೋಲ್ ಮಾರುಕಟ್ಟೆಗೆ ಬಂದದ್ದು 1988ರಲ್ಲಿ. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಸಣ್ಣ ಸಣ್ಣ ಪಂಪುಗಳಿವೆ. ಊಟದ ಹೊತ್ತಿಗೆ ಅವು ಕೆಲಸ ಶುರು ಮಾಡುತ್ತವೆ. ಮಾತ್ರೆ ಹೋಗಿ ಚಾಲೂ ಇರುವ ಪಂಪಿಗೆ ಅಂಟಿಕೊಂಡು ಅದನ್ನು ಕಾಯಂ ಆಗಿ ಬಂದ್ ಮಾಡುತ್ತದೆ. ಅದಕ್ಕೇ ತಿಂಡಿಗೆ ಅರ್ಧ ಗಂಟೆ ಮುಂಚೆ ತಗೊಳ್ಳಿ ಅನ್ನುವುದು. ಊಟ ಆದ ಮೇಲೆ ನುಂಗಿದರೆ ಅಷ್ಟು ಉಪಯೋಗ ಇಲ್ಲ. ಔಷಧಿ ಒಂದೆರಡು ತಾಸಿನಲ್ಲಿ ರಕ್ತದಿಂದ ಮಾಯವಾದರೂ ಪರಿಣಾಮ ಒಂದು ದಿನಕ್ಕೂ ಮೀರಿ ಇರುತ್ತದೆ, ಯಾಕೆಂದರೆ ದೇಹ ಹೊಸ ಪಂಪ್ ಕಟ್ಟಬೇಕು. ಡೈಜೀನ್, ಜೆಲುಸಿಲ್, ಈನೋ ಹಾಗಲ್ಲ. ಅವು ಆಗಲೇ ಸುರಿದ ಆಮ್ಲವನ್ನು ತಣ್ಣಗೆ ಮಾಡಿ ಮುಗಿಸುತ್ತವೆ. ಆಮ್ಲ ಇಳಿಸುವ ಇನ್ನೊಂದು ಮಾತ್ರೆ ಫಾಮೊಟಿಡಿನ್ ಇವೆರಡರ ನಡುವಿನದು.

ಜಠರದ ಆಮ್ಲ ಸೊಸೈಟಿ ಗೇಟಿನ ವಾಚ್‌ಮನ್ ಇದ್ದಂತೆ. ನಾವು ದಿನಕ್ಕೆ ಒಂದು ಲೀಟರಿನಷ್ಟು ಜೊಲ್ಲು ನುಂಗುತ್ತೇವೆ. ಅದರ ಜೊತೆ ಬಾಯಿಯ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಕೆಳಗಿಳಿಯುತ್ತದೆ. ಆಮ್ಲ ಚುರುಕಾಗಿದ್ದರೆ ಬಹುತೇಕ ಅಲ್ಲೇ ಸಾಯುತ್ತವೆ. ಆಮ್ಲ ಇಳಿದರೆ ಬಾಯಿಯಲ್ಲಿ ಇರಬೇಕಾದವು ಕರುಳಿಗೆ ನುಗ್ಗುತ್ತವೆ. ಇದು ಬರೀ ಊಹೆಯಲ್ಲ. 2016ರಲ್ಲಿ ನೆದರ್ಲೆಂಡ್ಸ್‌ನ 1815 ಜನರನ್ನು ಪರೀಕ್ಷಿಸಿದಾಗ ಅವರಲ್ಲಿ 211 ಜನ ಈ ಮಾತ್ರೆ ತಗೊಳ್ಳುತ್ತಿದ್ದರು. ಪತ್ತೆಯಾದ ಬ್ಯಾಕ್ಟೀರಿಯಾ ಗುಂಪುಗಳಲ್ಲಿ ಐದರಲ್ಲಿ ಒಂದು ಭಾಗ ಅವರಲ್ಲಿ ಬದಲಾಗಿತ್ತು. ಬಗೆಗಳು ಕಡಿಮೆ. ಬಾಯಿಯಲ್ಲಿ ವಾಸಿಸುವ ರೋಥಿಯಾ ಜಾಸ್ತಿ. ಸ್ಟ್ರೆಪ್ಟೊಕಾಕಸ್, ಎಂಟೆರೊಕಾಕಸ್, ಸ್ಟ್ಯಾಫಿಲೊಕಾಕಸ್ ಕೂಡ ಜಾಸ್ತಿ. ಅದೇ ವರ್ಷ ಬ್ರಿಟನ್‌ನ ಅವಳಿಗಳ ಅಧ್ಯಯನವೂ ಬಂತು. ಅವಳಿಗಳಲ್ಲಿ ಒಬ್ಬರು ಮಾತ್ರೆ ತಗೊಳ್ಳುವವರು, ಇನ್ನೊಬ್ಬರು ಇಲ್ಲ. ಅಲ್ಲೂ ಮಾತ್ರೆ ತಗೊಳ್ಳುವವರಲ್ಲಿ ಸ್ಟ್ರೆಪ್ಟೊಕಾಕಸ್ ಕುಟುಂಬ ಏರಿತ್ತು. ಮೂಲ ಒಂದೇ, ಬೆಳೆದ ಮನೆ ಒಂದೇ ಆದರೂ ಈ ವ್ಯತ್ಯಾಸ ಕಂಡದ್ದು ಮಾತ್ರೆಯ ಕಡೆಗೇ ಬೊಟ್ಟು ಮಾಡುತ್ತದೆ.

ಮೂರೂ ಪ್ರಶ್ನೆಗಳನ್ನು ಒಟ್ಟಿಗೇ ಯಾಕೆ ಕೇಳಬೇಕು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಒಂದು ಸಮುದಾಯದಲ್ಲಿ ವಯಸ್ಸಾದವರು ಹೆಚ್ಚಿದ್ದು, ಅವರಲ್ಲಿ ಬಹಳಷ್ಟು ಜನ ಅಸಿಡಿಟಿ ಮಾತ್ರೆ ನುಂಗುತ್ತಿದ್ದರೆ, ಮಾತ್ರೆಯ ಗುರುತನ್ನೇ ಆ ಜನಾಂಗದ ಗುರುತು ಅಂತ ಓದಿಬಿಡುವ ಅಪಾಯ ಇದೆ. ಮಧುಮೇಹದಲ್ಲಿ ಹೀಗೆ ಆಗಿಯೂ ಇದೆ. ರೋಗದ್ದೇ ಗುರುತು ಅಂದುಕೊಂಡಿದ್ದ ಬದಲಾವಣೆಗಳಲ್ಲಿ ಹಲವು ಆ ರೋಗಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯವು ಅಂತ 2015ರಲ್ಲಿ ಗೊತ್ತಾಯಿತು.

ಜನಾಂಗ ಮತ್ತು ಈ ಮಾತ್ರೆ ನೇರವಾಗಿ ಸೇರುವ ಜಾಗವೂ ಒಂದಿದೆ, ಅದು ಲಿವರ್. ಈ ಮಾತ್ರೆಗಳನ್ನು ಮುಖ್ಯವಾಗಿ ಒಡೆಯುವುದು ಸಿವೈಪಿ2ಸಿ19 ಅನ್ನುವ ಕಿಣ್ವ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಅಂಥವರು ಯುರೋಪಿನವರಿಗಿಂತ ದಕ್ಷಿಣ ಏಷ್ಯಾದವರಲ್ಲಿ ಹೆಚ್ಚು, ಪೂರ್ವ ಏಷ್ಯಾದವರಲ್ಲಿ ಇನ್ನೂ ಹೆಚ್ಚು. ಇವರಲ್ಲಿ ಅದೇ ಡೋಸು ಹೆಚ್ಚು ಹೊತ್ತು ನಿಲ್ಲುತ್ತದೆ, ಆಮ್ಲ ಹೆಚ್ಚು ಇಳಿಯುತ್ತದೆ. ರಾಬೆಪ್ರಜೋಲ್ ಈ ಕಿಣ್ವವನ್ನು ಅಷ್ಟಾಗಿ ನೆಚ್ಚುವುದಿಲ್ಲ. ಪಕ್ಕದ ಮನೆಯವರಿಗೆ ಒಗ್ಗಿದ ಡೋಸು ನಿಮಗೂ ಒಗ್ಗಬೇಕೆಂದಿಲ್ಲ.

ಇದರಿಂದ ತೊಂದರೆ ಏನು? ಇಲ್ಲಿ ಹೆದರಿಸುವವರೂ ಇದ್ದಾರೆ, ತಳ್ಳಿಹಾಕುವವರೂ ಇದ್ದಾರೆ. ನನಗೆ ಹೆಚ್ಚು ನಂಬಿಕೆ ಇರುವುದು 2019ರ ಒಂದು ದೊಡ್ಡ ಪ್ರಯೋಗದ ಮೇಲೆ. 17,598 ಹೃದ್ರೋಗಿಗಳಲ್ಲಿ ಅರ್ಧ ಜನಕ್ಕೆ ಪ್ಯಾಂಟೊಪ್ರಜೋಲ್, ಇನ್ನರ್ಧಕ್ಕೆ ಔಷಧಿ ಇಲ್ಲದ ಖಾಲಿ ಮಾತ್ರೆ. ಸುಮಾರು ಮೂರು ವರ್ಷ ಗಮನಿಸಿದರು. ಕಿಡ್ನಿ ರೋಗ, ಮರೆವಿನ ರೋಗ, ನ್ಯುಮೋನಿಯಾ, ಮೂಳೆ ಮುರಿತ ಯಾವುದರಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎದ್ದು ಕಂಡದ್ದು ಒಂದೇ, ಕರುಳಿನ ಸೋಂಕು. ಖಾಲಿ ಮಾತ್ರೆಯವರಲ್ಲಿ ಶೇ. 1.0, ಪ್ಯಾಂಟೊಪ್ರಜೋಲ್‌ನವರಲ್ಲಿ ಶೇ. 1.4. ಸಣ್ಣ ಅಂಕಿ, ಆದರೆ ಮುಂಬೈ ಮಳೆಗಾಲದಲ್ಲಿ ನಲ್ಲಿ ನೀರು ಕೆಂಪಗೆ ಬರುವ ಚಾಳುಗಳಲ್ಲಿ ಇರುವವರು ಇದನ್ನು ಸಣ್ಣದು ಅಂತ ಬಿಡಬಾರದು. ಆಂಟಿಬಯಾಟಿಕ್ ಜೊತೆಗೆ ಈ ಮಾತ್ರೆಯನ್ನೂ ಕಣ್ಣುಮುಚ್ಚಿ ಕೊಡುವ ರೂಢಿ ನಮ್ಮಲ್ಲಿದೆ. ಆಂಟಿಬಯಾಟಿಕ್ ಕರುಳನ್ನು ಬರಿದು ಮಾಡುತ್ತದೆ, ಈ ಮಾತ್ರೆ ಬಾಗಿಲು ತೆರೆದಿಡುತ್ತದೆ. ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಕೆಟ್ಟ ಭೇದಿಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2012ರಲ್ಲೇ ಈ ಮಾತ್ರೆಗಳ ಮೇಲೆ ಎಚ್ಚರಿಕೆ ಹೊರಡಿಸಿದ್ದರು.

ಇನ್ನೊಂದು ಬಿ12. ಊಟದಲ್ಲಿರುವ ಬಿ12 ಪ್ರೊಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಆಮ್ಲ ಬೇಕು. ಅಮೆರಿಕದ 2013ರ ಅಧ್ಯಯನದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಈ ಮಾತ್ರೆ ತಗೊಂಡವರಲ್ಲಿ ಬಿ12 ಕೊರತೆಯ ಸಾಧ್ಯತೆ ಶೇ. 65ರಷ್ಟು ಜಾಸ್ತಿ ಕಂಡಿತ್ತು. ಹೆಂಗಸರಲ್ಲಿ ಈ ನಂಟು ಇನ್ನೂ ಬಲವಾಗಿತ್ತು. ಶುದ್ಧ ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಜೊತೆಗೆ ದಿನಾ ಅಸಿಡಿಟಿ ಮಾತ್ರೆ. ಮೂರೂ ಬಿ12 ಇಳಿಸುವಂಥವು. ಇಂಥ ಗೃಹಿಣಿಯರು ಅಂಗಾಲು ಜೋಮು ಹಿಡಿಯುತ್ತದೆ ಅಂತ ಹೇಳಿ ನನ್ನ ಹತ್ತಿರ ನೋವಿನ ಮುಲಾಮು ಕೇಳುತ್ತಾರೆ. ನಾನು ಮುಲಾಮಿಗಿಂತ ಮೊದಲು ರಕ್ತ ಪರೀಕ್ಷೆಯ ಮಾತು ಎತ್ತುತ್ತೇನೆ.

ಹಾಗಂತ ನಾಳೆಯಿಂದಲೇ ಬಿಡಬೇಡಿ. ಹುಣ್ಣಿನಿಂದ ರಕ್ತ ಹೋದವರು, ಅನ್ನನಾಳ ಹಾಳಾದವರು, ಹೃದಯಕ್ಕೆ ಆಸ್ಪಿರಿನ್ ತಗೊಳ್ಳುವ ವಯಸ್ಸಾದವರು, ಕೀಲುನೋವಿಗೆ ದಿನಾ ಪೇನ್‌ಕಿಲ್ಲರ್ ನುಂಗುವವರು. ಇವರಲ್ಲಿ ಹಲವರಿಗೆ ಈ ಮಾತ್ರೆ ಜೀವ ಉಳಿಸುತ್ತದೆ. ಹುಣ್ಣಿಗೆ ಕಾರಣವಾಗುವ ಪೈಲೊರಿ ಬ್ಯಾಕ್ಟೀರಿಯಾವನ್ನು ತೆಗೆಯಲು ಕೊಡುವ ಔಷಧಿಗಳಲ್ಲಿ ಇದೂ ಸೇರಿರುತ್ತದೆ. ನನ್ನ ತಕರಾರು ಇರುವುದು ಎರಡು ವಾರಕ್ಕೆ ಬರೆದದ್ದು ಹತ್ತು ವರ್ಷ ಓಡುವುದರ ಬಗ್ಗೆ. ಚೀಟಿ ಇಲ್ಲದೆ ಕೊಡಬಾರದ ಔಷಧಿ ಇದು. ಆದರೂ ಊರೆಲ್ಲ ಸಿಗುತ್ತದೆ.

ಬಿಡಲು ಹೋದವರು ಸೋಲುವುದಕ್ಕೂ ಕಾರಣ ಇದೆ. 2009ರಲ್ಲಿ ಡೆನ್ಮಾರ್ಕಿನಲ್ಲಿ ಅಸಿಡಿಟಿಯೇ ಇಲ್ಲದ 120 ಆರೋಗ್ಯವಂತರನ್ನು ತಗೊಂಡು, ಅರ್ಧ ಜನಕ್ಕೆ ಎಂಟು ವಾರ ಈಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಅವರಲ್ಲಿ ಶೇ. 44 ಜನಕ್ಕೆ ಎದೆಯುರಿ, ಹುಳಿತೇಗು ಶುರುವಾಯಿತು. ಖಾಲಿ ಮಾತ್ರೆಯವರಲ್ಲಿ ಶೇ. 15 ಮಾತ್ರ. ಆಮ್ಲ ಇಲ್ಲ ಅಂತ ದೇಹ ಆಮ್ಲ ಸುರಿಸುವ ಸಂಕೇತವನ್ನು ಜೋರು ಮಾಡಿಕೊಂಡಿರುತ್ತದೆ. ತಡೆ ತೆಗೆದ ಕೂಡಲೇ ಅದು ಉಕ್ಕುತ್ತದೆ. "ನೋಡಿ, ಬಿಟ್ಟರೆ ಆಗೋದೇ ಇಲ್ಲ" ಅಂತ ಜನ ಮತ್ತೆ ಸ್ಟ್ರಿಪ್ ತಗೊಳ್ಳುತ್ತಾರೆ. ಬಹಳ ಸಲ ಆ ಉರಿ ಹಳೆಯ ರೋಗದ್ದಲ್ಲ, ಬಿಟ್ಟದ್ದರ ಪರಿಣಾಮ. ಕೆಲವು ವಾರಗಳಲ್ಲಿ ಇಳಿಯುತ್ತದೆ. ಆ ನಡುವೆ ಡೋಸು ಅರ್ಧ ಮಾಡುವುದು, ದಿನ ಬಿಟ್ಟು ದಿನ ತಗೊಳ್ಳುವುದು, ಉರಿ ಬಂದಾಗ ಮಾತ್ರ ಜೆಲುಸಿಲ್‌ನಂಥ ಆಂಟಾಸಿಡ್ ಕುಡಿಯುವುದು ಇಂಥ ದಾರಿಗಳನ್ನು ಡಾಕ್ಟರು ಹೇಳುತ್ತಾರೆ.

ಊಟದ ಕಡೆ ಹೇಳುವುದಾದರೆ, ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ತಾಸು ಅಂತರ ಇದ್ದರೆ ಎದೆಯುರಿ ಎಷ್ಟೋ ಇಳಿಯುತ್ತದೆ. ಕಲ್ಯಾಣ ಲೋಕಲ್ ಇಳಿದು ಮನೆ ಮುಟ್ಟುವಾಗಲೇ ಹತ್ತು ಆಗುವವರಿಗೆ ಇದು ಕಷ್ಟ ಅಂತ ಗೊತ್ತು. ಸಂಜೆ ಏಳಕ್ಕೆ ಆಫೀಸಿನಲ್ಲೇ ಡಬ್ಬಿಯ ರೊಟ್ಟಿ ಪಲ್ಯ ಮುಗಿಸಿ, ಮನೆಗೆ ಬಂದು ಒಂದು ಲೋಟ ಮಜ್ಜಿಗೆಯಲ್ಲಿ ಮುಗಿಸುವವರನ್ನು ನಾನು ಬಲ್ಲೆ. ತಲೆದಿಕ್ಕಿನ ಮಂಚದ ಕಾಲು ಎತ್ತರಿಸುವುದು, ಎಡ ಮಗ್ಗುಲಿಗೆ ಮಲಗುವುದೂ ಸಹಾಯ ಮಾಡುತ್ತದೆ. ಬ್ಯಾಕ್ಟೀರಿಯಾದ ಬಗೆ ಹೆಚ್ಚಿಸಲು ಜೋಳ, ರಾಗಿ, ಇಡೀ ಕಾಳು, ಸೊಪ್ಪು ಸಾಕು. ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬುತ್ತದೆ, ನಿಧಾನ ಏರಿಸಿ. ಮನೆಗೇ ಬಂದು ಮಲದ ಸ್ಯಾಂಪಲ್ ಒಯ್ದು ಬ್ಯಾಕ್ಟೀರಿಯಾ ವರದಿ ಕೊಡುವ ದುಬಾರಿ ಪರೀಕ್ಷೆಗಳಿಗೆ ಸದ್ಯ ನಾನು ಯಾರಿಗೂ ದುಡ್ಡು ಖರ್ಚು ಮಾಡಿ ಅನ್ನುವುದಿಲ್ಲ. ಆ ವರದಿ ಹಿಡಿದು ಚಿಕಿತ್ಸೆ ಬದಲಿಸುವಷ್ಟು ಗಟ್ಟಿ ನೆಲೆ ಇನ್ನೂ ಇಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಸಿಡಿಟಿ ಮಾತ್ರೆ ಯಾವಾಗ, ಯಾಕೆ ಶುರುವಾಯಿತು, ಇನ್ನೆಷ್ಟು ದಿನ ಬೇಕು ಅಂತ ಕೇಳಿ. ಬಿ12 ನೋಡಿಸಬೇಕಾ ಅಂತಲೂ ಕೇಳಿ. ಆದರೆ ನುಂಗುವಾಗ ಗಂಟಲಲ್ಲಿ ಸಿಕ್ಕಿಕೊಂಡಂತೆ ಆದರೆ, ಕಾರಣವಿಲ್ಲದೆ ತೂಕ ಇಳಿದರೆ, ಪದೇ ಪದೇ ವಾಂತಿಯಾದರೆ ಮಾತ್ರೆ ಬಿಡುವ ಯೋಚನೆಯನ್ನೂ, ಹೆಚ್ಚಿಸುವ ಯೋಚನೆಯನ್ನೂ ಪಕ್ಕಕ್ಕಿಟ್ಟು ಆ ವಾರವೇ ಎಂಡೊಸ್ಕೋಪಿ ಮಾಡುವ ಡಾಕ್ಟರನ್ನು ಕಾಣಿ. ಮಲ ಕಪ್ಪಗೆ ಡಾಂಬರಿನಂತೆ ಹೋದರೆ, ಅದರಲ್ಲೂ ಜೊತೆಗೆ ತಲೆ ತಿರುಗಿದರೆ, ಅವತ್ತೇ ಆಸ್ಪತ್ರೆಗೆ ಹೋಗಿ.